ರೆಕ್ಕೆಯ ಕೆಳಗೊಂದು ಹನಿ

“ತನುಜ ಅವರ ಕೆಲಸ ಇನ್ಮೇಲೆ ನಾನು ಚೆಕ್ ಮಾಡಲ್ಲ ಸರ್.”

ಸೋಮವಾರ ಬೆಳಗಿನ ಮೀಟಿಂಗಿನಲ್ಲಿ, ಇಡೀ ಶಿಫ್ಟಿನ ಎದುರಿಗೆ ಅಂಬರೀಶ್ ಹೀಗೆ ಹೇಳಿದಾಗ ನನ್ನ ಕೈಯಲ್ಲಿ ಬಿಸಿ ಟೀ ಇತ್ತು. ಅದನ್ನು ಆ ಮನುಷ್ಯನ ಮೇಲೆ ಎರಚದೆ ಸುಮ್ಮನೆ ಕೆಳಗಿಟ್ಟೆನಲ್ಲ, ಅದಕ್ಕೆ ಯಾರಾದರೂ ನನಗೆ ಶಾಲು ಹೊದಿಸಿ ಹಾರ ಹಾಕಬೇಕು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮಜ್ಜಿ ಹೇಳುತ್ತಾಳೆ. ಸುಳ್ಳು. ನನ್ನ ಕೋಪ ಮೊದಲು ಬರುವುದು ಕಿವಿಗೆ. ಎರಡೂ ಕಿವಿ ಕೆಂಪಗೆ ಕಾದುಬಿಡುತ್ತವೆ. ಅವತ್ತಂತೂ ಪಕ್ಕದಲ್ಲಿ ನಿಂತವರಿಗೂ ಬಿಸಿ ತಟ್ಟಿರಬೇಕು, ಇಬ್ಬರು ಸ್ವಲ್ಪ ದೂರ ಸರಿದರು.

ನಮ್ಮ ಕೆಲಸ ಇರುವುದು ದೇವನಹಳ್ಳಿ ಏರ್‌ಪೋರ್ಟಿನ ಪಕ್ಕದ ಹ್ಯಾಂಗರಿನಲ್ಲಿ. ವಿಮಾನದ ರೆಕ್ಕೆಯೊಳಗೆ ಇಂಧನದ ಟ್ಯಾಂಕ್ ಇರುತ್ತದೆ, ಟ್ಯಾಂಕಿನೊಳಗೆ ಪಂಪು ಇರುತ್ತದೆ. ನಮ್ಮ ಕಡೆ ಬೋರ್‌ವೆಲ್ಲಿನ ಮೋಟರು ನೀರಿನಲ್ಲಿ ಮುಳುಗಿ ನೀರೆತ್ತುವ ಹಾಗೆಯೇ ಇದು ಇಂಧನದಲ್ಲಿ ಮುಳುಗಿ ಇಂಜಿನ್ನಿಗೆ ಇಂಧನ ತಳ್ಳುತ್ತದೆ. ಅದು ಸವೆದಿದೆಯೇ ಅಂತ ನೋಡುವುದು, ಸವೆದಿದ್ದರೆ ತೆಗೆದು ಹೊಸದು ಹಾಕುವುದು ನನ್ನ ಕೆಲಸ. ಅಂಥ ಮೂರು ಪಂಪು ಬದಲಿಸಿ ತೋರಿಸಿದರೆ ನನ್ನ ಹೆಸರಿಗೊಂದು ಸ್ಟಾಂಪು ಸಿಗುತ್ತದೆ. ಆಮೇಲೆ ನಾನು ಯಾರ ಬೆನ್ನ ಹಿಂದೆಯೂ ನಿಲ್ಲಬೇಕಾಗಿಲ್ಲ, ನಾನು ಮಾಡಿದ ಕೆಲಸಕ್ಕೆ ನಾನೇ ಸಹಿ, ಇನ್ನೊಬ್ಬರು ಒಮ್ಮೆ ಚೆಕ್ ಮಾಡುವುದೊಂದು ಮಾತ್ರ ಆಗಲೂ ಇರುತ್ತದೆ. ಎರಡು ಮುಗಿದಿದ್ದವು. ಎರಡನ್ನೂ ಪರೀಕ್ಷೆ ಮಾಡಿದವರು ಅಂಬರೀಶ್. ಮೂರನೆಯದು ಬುಧವಾರ ಇತ್ತು.

ನಮ್ಮ ಶಿಫ್ಟ್ ಇನ್‌ಚಾರ್ಜ್ ಮುರಳಿಮೋಹನ್ ಸರ್ ಕಾರಣ ಕೇಳಿದರು. ನಿಮಗೊಬ್ಬರಿಗೇ ಹೇಳ್ತೀನಿ ಅಂದರು ಅಂಬರೀಶ್. ಇಬ್ಬರೂ ಗಾಜಿನ ಕ್ಯಾಬಿನ್ನಿಗೆ ಹೋದರು. ಹೊರಗಿನಿಂದ ಎಲ್ಲಾ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಅಂಬರೀಶ್ ತಲೆ ತಗ್ಗಿಸಿಕೊಂಡು ಏನೋ ಹೇಳಿದರು. ಮುರಳಿಮೋಹನ್ ಸರ್ ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು.

ನನ್ನ ಕೆಲಸದಲ್ಲಿ ನಗುವಂಥದ್ದು ಏನಿದೆ ಅಂತ ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಈಗ ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ. ನನಗೆ ಆ ಸ್ಟಾಂಪೂ ಬೇಕಿತ್ತು, ಅಂಬರೀಶೂ ಬೇಕಿತ್ತು. ಒಂದೇ ಮಾತಿನಲ್ಲಿ ಎರಡೂ ಕೈ ತಪ್ಪಿ ಹೋಗುತ್ತಿದ್ದವು.

ನಮ್ಮಿಬ್ಬರ ನಡುವೆ ಇದೆಲ್ಲ ಶುರುವಾದದ್ದು ಒಂದು ಹನಿಯಿಂದ.

ದೀಪಾವಳಿ ಕಳೆದ ಮೇಲೆ ನಾನು ಹ್ಯಾಂಗರಿಗೆ ಸೇರಿದ್ದೆ. ಸೇರಿದ ದಿನವೇ ಮುರಳಿಮೋಹನ್ ಸರ್ ಎರಡು ವಿಷಯ ಹೇಳಿದ್ದರು. ಒಬ್ಬರು ಮಾಡಿದ ಕೆಲಸವನ್ನು ಇನ್ನೊಬ್ಬರ ಕಣ್ಣು ನೋಡಬೇಕು, ಮಾಡಿದವರೇ ನೋಡಿದರೆ ಲೆಕ್ಕಕ್ಕಿಲ್ಲ. ಹಾಗೆಯೇ ಸಂಬಂಧಿಕರ ಕೆಲಸವನ್ನು ಸಂಬಂಧಿಕರು ನೋಡುವಂತಿಲ್ಲ. ಇಲ್ಲಿ ನಿನಗೆ ಸಂಬಂಧಿಕರು ಯಾರಾದರೂ ಇದ್ದಾರಾ ಅಂತ ಕೇಳಿದಾಗ ಇಲ್ಲ ಅಂದಿದ್ದೆ.

ಮೊದಲನೆಯ ಪಂಪು ಹಾಕಿ ಮುಗಿಸಿದಾಗ ರೆಕ್ಕೆಯ ಕೆಳಗೆ ಒಂದು ಹನಿ ತೂಗಾಡುತ್ತಿತ್ತು. ಹಳೆ ಪಂಪು ಎಳೆದಾಗ ಚೆಲ್ಲಿದ್ದೇ ಇರಬೇಕು ಅಂದುಕೊಂಡು, ನೋಡುವವರಿಗೆ ಚೊಕ್ಕಟವಾಗಿ ಕಾಣಲಿ ಅಂತ ಬಟ್ಟೆ ತೆಗೆದೆ. ಹಿಂದಿನಿಂದ ಒಂದು ದನಿ ಬಂತು.

“ಒರೆಸಬೇಡಿ.”

ತಿರುಗಿ ನೋಡಿದರೆ ನನ್ನ ಕೆಲಸ ಪರೀಕ್ಷೆ ಮಾಡಲು ಬಂದ ಅಂಬರೀಶ್. ಎತ್ತರದ ಆಳು, ಕಣ್ಣಿಗೆ ಸೇಫ್ಟಿ ಗ್ಲಾಸು, ಗ್ಲಾಸಿನ ಹಿಂದೆ ನಗುತ್ತಿರುವ ಕಣ್ಣು. ಬಾಯಿ ಮಾತ್ರ ನಗುತ್ತಿರಲಿಲ್ಲ. ಕೈಗೆ ಗ್ಲೌಸು ಇದ್ದುದರಿಂದ ಜಾರುತ್ತಿದ್ದ ಗ್ಲಾಸನ್ನು ಭುಜದಿಂದ ಮೇಲಕ್ಕೆ ತಳ್ಳಿಕೊಂಡರು, ಹಸು ನೊಣ ಓಡಿಸುವ ಹಾಗೆ. ನನಗೆ ನಗು ತಡೆಯಲಾಗಲಿಲ್ಲ.

“ಹನಿ ಏನೋ ಹೇಳೋಕೆ ಬಂದಿರುತ್ತೆ. ಒರೆಸಿಬಿಟ್ರೆ ಎಲ್ಲಿಂದ ಬಂತು ಅಂತ ಹೆಂಗೆ ಗೊತ್ತಾಗುತ್ತೆ?” ಅಂದರು.

ಆಮೇಲೆ ಇಬ್ಬರೂ ರೆಕ್ಕೆಯ ಕೆಳಗೆ ಕತ್ತು ಮೇಲೆತ್ತಿ ನಿಂತೆವು, ಇನ್ನೊಂದು ಹನಿ ಬರುತ್ತದಾ ಅಂತ ಕಾಯುತ್ತಾ. ಟಾರ್ಚು ಅವರ ಕೈಯಲ್ಲಿ, ಕನ್ನಡಿ ನನ್ನ ಕೈಯಲ್ಲಿ. ಕನ್ನಡಿಯಲ್ಲಿ ಒಂದು ಸಲ ಬೋಲ್ಟು ಕಂಡಿತು, ಒಂದು ಸಲ ಪಂಪಿನ ಅಂಚು ಕಂಡಿತು, ಒಂದು ಸಲ ಅವರ ಕಣ್ಣು ಕಂಡಿತು. ಆ ಕಣ್ಣೂ ಕನ್ನಡಿಯನ್ನೇ ನೋಡುತ್ತಿತ್ತು. ನಾನು ಕನ್ನಡಿಯನ್ನು ಸರಕ್ಕನೆ ಬೋಲ್ಟಿನ ಕಡೆ ತಿರುಗಿಸಿದೆ. ಇನ್ನೊಂದು ಹನಿ ಬರಲಿಲ್ಲ. “ಹ್ಞೂಂ. ಈಗ ಒರೆಸಿ,” ಅಂದು ಹೋಗಿಬಿಟ್ಟರು. ಕತ್ತು ನೋಯುತ್ತಿತ್ತು, ಆದರೆ ಮನಸ್ಸು ಇನ್ನೂ ಸ್ವಲ್ಪ ಹೊತ್ತು ನಿಲ್ಲಬಹುದಿತ್ತಲ್ಲಾ ಅನ್ನುತ್ತಿತ್ತು.

ಅವರ ಊರು ಮಂಡಿಕಲ್. ದಿನಾ ಬೈಕಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂದು ಕಂಪನಿ ಬಸ್ಸು ಹತ್ತುತ್ತಿದ್ದರು. ನಾನು ಚಿಕ್ಕಬಳ್ಳಾಪುರದಲ್ಲೇ ಪೀಜಿಯಲ್ಲಿದ್ದೆ, ವಾರಕ್ಕೊಮ್ಮೆ ಗೌರಿಬಿದನೂರಿಗೆ, ಅಪ್ಪ ಅಜ್ಜಿ ಇರುವ ಮನೆಗೆ ಹೋಗುತ್ತಿದ್ದೆ. ಬಸ್ಸಿನಲ್ಲಿ ನಾನು ಹತ್ತುವ ಹೊತ್ತಿಗೆ ಅವರ ಪಕ್ಕದ ಕಿಟಕಿ ಸೀಟಿನಲ್ಲಿ ಯಾವಾಗಲೂ ಒಂದು ಬ್ಯಾಗು ಕೂತಿರುತ್ತಿತ್ತು. ನನ್ನನ್ನು ನೋಡಿದ ಕೂಡಲೇ ಬ್ಯಾಗು ಎದ್ದು ಅವರ ತೊಡೆಗೆ ಹೋಗುತ್ತಿತ್ತು. ನನಗೋಸ್ಕರ ಸೀಟು ಹಿಡಿದಿದ್ದೀರಾ ಅಂತ ಒಂದು ದಿನ ಕೇಳೇಬಿಟ್ಟೆ. ಬ್ಯಾಗಿಗೆ ಗಾಳಿ ಬೇಕಂತೆ, ಅದಕ್ಕೆ ಕಿಟಕಿ ಹತ್ರ ಕೂತಿತ್ತು ಅಂದರು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದ ಹಾಗೆ.

ಎರಡನೆಯ ಪಂಪು ಹಾಕಿದ ದಿನ ಒಂದು ವಿಚಿತ್ರ ನಡೆಯಿತು. ಅಂಬರೀಶ್ ಎಲ್ಲಾ ನೋಡಿ ಹ್ಞೂಂ ಅಂದ ಮೇಲೂ, ಅವರೇ ಹೋಗಿ ಇನ್ನೊಂದು ಶಿಫ್ಟಿನ ರಮೇಶ್‌ಬಾಬು ಸರ್ ಅವರನ್ನು ಕರೆತಂದು ಮತ್ತೊಮ್ಮೆ ನೋಡಿಸಿದರು. ಎಲ್ಲಾ ಸರಿಯಾಗಿಯೇ ಇತ್ತು. ಯಾಕೆ ಹೀಗೆ ಅಂತ ಅವತ್ತು ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ.

ಆ ಸೋಮವಾರದ ಹಿಂದಿನ ದಿನ, ಸಂಕ್ರಾಂತಿಗೆ ಮುಂಚಿನ ಭಾನುವಾರ, ಅವರು ನಮ್ಮ ಮನೆಗೆ ಬಂದರು. ಬರಲು ಕಾರಣ ನಾನೇ. ಮಂಡಿಕಲ್ಲಿನ ಅವರ ತೋಟದ ಬೋರ್‌ವೆಲ್ ಮೋಟರು ಸುಟ್ಟುಹೋಗಿತ್ತು. ಗೌರಿಬಿದನೂರಿನಲ್ಲಿ ನಮ್ಮಪ್ಪ ನಲ್ಲಪ್ಪನದು ಮೋಟರು ರಿವೈಂಡಿಂಗ್ ಅಂಗಡಿ. ಈ ತಾಲ್ಲೂಕಿನಲ್ಲಿ ನಮ್ಮಪ್ಪ ಕಟ್ಟಿದ ಮೋಟರು ಎರಡನೇ ಸಲ ಸುಟ್ಟ ಉದಾಹರಣೆ ಇಲ್ಲ ಅಂತ ಬಸ್ಸಿನಲ್ಲಿ ಜಂಬ ಕೊಚ್ಚಿಕೊಂಡಿದ್ದೆ. ಮಾತು ಕೇಳಿಸಿಕೊಂಡು ಆಟೋದಲ್ಲಿ ಮೋಟರು ಹೇರಿಕೊಂಡು ಬಂದೇಬಿಟ್ಟರು.

ಅಂಗಡಿಯ ಹಿಂದೆಯೇ ಮನೆ. ಜಗಲಿಯ ಮೇಲೆ ಅಜ್ಜಿ ಗಂಗುಲಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಅಪ್ಪ ಮೋಟರು ಬಿಚ್ಚುವವರೆಗೂ ಅಂಬರೀಶರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಮುಂದೆಯೂ ಒಂದು ರಾಶಿ ಕಾಯಿ ಸುರಿದಳು. ನಮ್ಮ ಕಡೆ ಮನೆಗೆ ಬಂದವರಿಗೆ ಕಾಫಿ ಕೊಡುವುದು ಆಮೇಲೆ, ಮೊದಲು ವರಸೆ ನೋಡುತ್ತಾರೆ. ಯಾರ ಊರು, ಯಾರ ಮನೆ, ತಾಯಿಯ ತವರು ಯಾವುದು ಅಂತ ಕೆದಕಿ ಕೆದಕಿ, ಬಂದವರು ತಮಗೆ ಅಣ್ಣ ಆಗಬೇಕೋ ಮಾವ ಆಗಬೇಕೋ ಅಂತ ಗೊತ್ತು ಮಾಡಿಕೊಂಡರೆ ನಮ್ಮ ಅಜ್ಜಿಯಂಥವರಿಗೆ ಸಮಾಧಾನ.

“ಏ ಊರು ನಾಯ್ನಾ ಮೀದಿ?” ಅಂತ ಅಜ್ಜಿ ತೆಲುಗಿನಲ್ಲಿ ಶುರುಮಾಡಿದಳು. ಅಂಬರೀಶ್ ಮಂಡಿಕಲ್ ಅಂದರು. ತಾಯಿಯ ತವರು ತೊಂಡೇಬಾವಿ, ಕೋನಪ್ಪನ ಮನೆ ಅಂದರು. ಅಜ್ಜಿಯ ಕೈ ನಿಂತುಹೋಯಿತು.

“ಕೋನಪ್ಪನ ಮೊಮ್ಮಗನಾ ನೀನು? ಕೋನಪ್ಪ ನಮ್ಮ ಯಜಮಾನರಿಗೆ ತಮ್ಮನ ವರಸೆ ಕಣಪ್ಪಾ. ಅವನ ಮಗಳು ಅಂದ್ರೆ ನಮ್ಮ ನಲ್ಲನಿಗೆ ತಂಗಿ ಆಗ್ಬೇಕು. ತಂಗಿ ಮಗ ನೀನು. ಏ ತನುಜಾ, ಇವನು ನಿನಗೆ ಬಾವ ಆಗ್ಬೇಕು ಕಣೇ.”

ನಾನು ನಕ್ಕುಬಿಟ್ಟೆ. ಅಜ್ಜಿಯ ವರಸೆಯಲ್ಲಿ ಮೊಸರಿನವನು ನನಗೆ ಚಿಕ್ಕಪ್ಪ, ಬಸ್ ಕಂಡಕ್ಟರು ಬಾವ. ಹಾಗಂತ ಅವನೇನು ನನಗೆ ಟಿಕೆಟು ಮಾಫಿ ಮಾಡಿದ್ದಾನಾ? ನಗುತ್ತಾ ಅಂಬರೀಶರ ಕಡೆ ನೋಡಿದರೆ ಅವರು ನಗುತ್ತಿರಲಿಲ್ಲ. ಸುಲಿದ ಕಾಳು ಬೆರಳ ಸಂದಿಯಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಹೆಕ್ಕದೆ ಅದನ್ನೇ ನೋಡುತ್ತಾ ಕೂತಿದ್ದರು. ಕಿವಿಗಳೆರಡೂ ಕೆಂಪಾಗಿದ್ದವು. ಓಹೋ, ಈ ರೋಗ ನನಗೊಬ್ಬಳಿಗೇ ಅಲ್ಲ ಅಂದುಕೊಂಡೆ.

ಬರುವಾಗ ನಮ್ಮಪ್ಪನನ್ನು ನಲ್ಲಪ್ಪಣ್ಣ ಅಂತ ಕರೆಯುತ್ತಾ ಬಂದಿದ್ದ ಮನುಷ್ಯ ಹೊರಡುವಾಗ ಬಾಗಿಲಲ್ಲಿ ನಿಂತು, “ಬರ್ತೀನಿ ಮಾವ,” ಅಂದರು. ಅಂದ ಮೇಲೆ ನನ್ನನ್ನು ನೋಡಿದರು. ಸುಮ್ಮನೆ ನೋಡಲಿಲ್ಲ, ಕೇಳಿಸಿತಾ ಅಂತ ಕೇಳುವ ಹಾಗೆ ನೋಡಿದರು. ಆ ಸಂಜೆ ನಾನು ಅವರೆಕಾಳನ್ನು ಕಸದ ಬುಟ್ಟಿಗೂ ಸಿಪ್ಪೆಯನ್ನು ಪಾತ್ರೆಗೂ ಹಾಕಿ ಅಜ್ಜಿಯ ಕೈಲಿ ಬೈಸಿಕೊಂಡೆ.

ಭಾನುವಾರ ಹಾಗೆ ನೋಡಿದವರು ಸೋಮವಾರ ಹೀಗೆ ಹೇಳಿದರೆ ಯಾವ ಹುಡುಗಿಗೆ ತಲೆ ಕೆಡುವುದಿಲ್ಲ ಹೇಳಿ. ಒಂದೋ ನನ್ನ ಕೆಲಸದ ಮೇಲೆ ಅವರಿಗೆ ನಂಬಿಕೆ ಇಲ್ಲ. ಇಲ್ಲವೇ ಅಜ್ಜಿಯ ಒಂದು ಮಾತಿಗೆ ಹೆದರಿ, ಎಲ್ಲಿ ಕೊರಳಿಗೆ ಗಂಟು ಬೀಳುತ್ತಾಳೋ ಅಂತ ಓಡಿಹೋಗುತ್ತಿದ್ದಾರೆ. ಎರಡರಲ್ಲಿ ಯಾವುದು ಹೆಚ್ಚು ಉರಿಯುತ್ತದೆ ಅಂತ ನನಗೇ ಗೊತ್ತಾಗಲಿಲ್ಲ.

ಸಂಜೆ ಬಸ್ಸಿನಲ್ಲಿ ಬ್ಯಾಗು ಎಂದಿನಂತೆ ಕಿಟಕಿ ಪಕ್ಕ ಕೂತಿತ್ತು. ಅವರು ಅದನ್ನು ಎತ್ತಿಕೊಳ್ಳುವ ಮುಂಚೆಯೇ ನಾನು ಅವರನ್ನು ದಾಟಿಕೊಂಡು ಹೋಗಿ ಕೊನೆಯ ಸೀಟಿನಲ್ಲಿ ಕೂತೆ. ಚಿಕ್ಕಬಳ್ಳಾಪುರದಲ್ಲಿ ಇಳಿದಾಗ ಹಿಂದೆಯೇ ಬಂದು, “ಬುಧವಾರದ ಕೆಲಸ ಮುಗೀಲಿ, ಎಲ್ಲಾ ಹೇಳ್ತೀನಿ,” ಅಂದರು. ಬುಧವಾರದ ಮೇಲೆ ಕೇಳೋಕೆ ನನಗೆ ಪುರುಸೊತ್ತಿರಲ್ಲ ಅಂದೆ. ಮಂಗಳವಾರ ನಾನು ಬಸ್ಸಿಗೇ ಹೋಗಲಿಲ್ಲ, ಬೇರೆ ಗಾಡಿ ಹಿಡಿದೆ.

ಬುಧವಾರ ಬಂತು. ನನ್ನ ಪರೀಕ್ಷೆಗೆ ಅಂಬರೀಶರ ಬದಲು ಬಂದವರು ರಮೇಶ್‌ಬಾಬು ಸರ್. ನಕ್ಕರೆ ಸಂಬಳ ಹಿಡಿಯುತ್ತಾರೆ ಅಂತ ಯಾರೋ ಅವರಿಗೆ ಹೇಳಿರಬೇಕು. ಅವರ ಕೈಯಲ್ಲಿ ಮೊದಲ ಸಲಕ್ಕೇ ಪಾಸಾದವರನ್ನು ನಾನಂತೂ ಕಂಡಿಲ್ಲ. ಬೇಕಂತಲೇ ಈ ಹುಲಿಯ ಬಾಯಿಗೆ ನನ್ನನ್ನು ತಳ್ಳಿದ್ದಾರೆ ಅಂತ ಅಂಬರೀಶರನ್ನು ಮನಸ್ಸಿನಲ್ಲೇ ಬೈದುಕೊಂಡು ಏಣಿ ಹತ್ತಿದೆ.

ಹ್ಯಾಂಗರಿನ ಆ ತುದಿಯಲ್ಲಿ ಇನ್ನೊಂದು ವಿಮಾನದ ಹತ್ತಿರ ಅಂಬರೀಶ್ ಇದ್ದರು. ನನ್ನ ಕಡೆ ಬೆನ್ನು ಹಾಕಿಕೊಂಡಿದ್ದರು. ನಾನು ನೋಡಿದಾಗಲೆಲ್ಲ ಬೆನ್ನೇ ಕಾಣುತ್ತಿತ್ತು. ಎಷ್ಟು ಸಲ ನೋಡಿದೆ ಅಂತ ಕೇಳಬೇಡಿ.

ನನ್ನ ವಿಮಾನದ ಎಡ ರೆಕ್ಕೆಯ ಪಂಪು ಹಾರಾಟದ ನಡುವೆ ಒತ್ತಡ ಕಡಿಮೆ ಅಂತ ದೀಪ ಮಿನುಗಿಸಿತ್ತು. ಸಂಜೆಯೊಳಗೆ ಅದು ಮತ್ತೆ ಹಾರಬೇಕಿತ್ತು. ಕರೆಂಟು ಕಡಿದು ಕೆಂಪು ಪಟ್ಟಿ ಕಟ್ಟಿದೆ, ಕಿಡಿ ಹಾರದಂತೆ ವಿಮಾನಕ್ಕೆ ಅರ್ತ್ ತಂತಿ ಸಿಕ್ಕಿಸಿದೆ, ಬೋಲ್ಟು ಬಿಚ್ಚಿ ಪಂಪನ್ನು ಅದರ ಗೂಡಿನಿಂದ ಮೆಲ್ಲಗೆ ಎಳೆದೆ. ಗೂಡಿನ ಕವಾಟ ತಾನಾಗಿ ಮುಚ್ಚಿಕೊಂಡಿತು. ಒಳಗೆ ಉಳಿದಿದ್ದ ಇಂಧನ ಮಾತ್ರ ಕೆಳಗಿಟ್ಟ ಡಬ್ಬಕ್ಕೆ ಸುರಿಯಿತು. ಸೀಮೆಎಣ್ಣೆಯಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹುಲಿಯ ಭಯ ಬಿಟ್ಟುಹೋಯಿತು. ಈ ವಾಸನೆ ನನ್ನದು, ಈ ಕೆಲಸ ನನ್ನದು ಅನ್ನಿಸಿತು.

ಹಳೆ ಪಂಪಿನ ಚಕ್ರವನ್ನು ಬೆರಳಿನಿಂದ ತಿರುಗಿಸಿದೆ. ನುಣ್ಣಗೆ ತಿರುಗಬೇಕಾದದ್ದು ಮರಳು ಸಿಕ್ಕಿದ ಬೀಸುವ ಕಲ್ಲಿನಂತೆ ಕರಕರ ಅಂದಿತು. ಚಕ್ರದ ಅಂಚು ಒಂದು ಕಡೆ ಉಜ್ಜಿ ಬೆಳ್ಳಗಾಗಿತ್ತು, ಜಾಲರಿಯಲ್ಲಿ ಕಪ್ಪು ಪುಡಿ ಕೂತಿತ್ತು. ಬೇರಿಂಗ್ ಸವೆದು ಚಕ್ರ ಗೋಡೆಗೆ ತಾಗುತ್ತಿದೆ ಅಂತ ರಮೇಶ್‌ಬಾಬು ಸರ್‌ಗೆ ತೋರಿಸಿ ಹೇಳಿದೆ. ಅವರು ಮುಂದಿನದು ಮಾಡು ಅನ್ನುವ ಹಾಗೆ ಹೊಸ ಪಂಪಿನ ಕಡೆ ಕೈ ತೋರಿಸಿದರು.

ಹೊಸ ಪಂಪಿಗೆ ರಬ್ಬರಿನ ಉಂಗುರದ ಸೀಲು ಹಾಕಿ, ಜಾರುವಂತೆ ಜೆಲ್ಲಿ ಸವರಿ, ಗೂಡಿಗೆ ನೇರವಾಗಿ ತಳ್ಳಿದೆ. ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದೆ. ಬೇಕಾದಷ್ಟು ಬಿಗಿಯಾಯಿತು ಅಂತ ಟಾರ್ಕ್ ರೆಂಚು ಟಕ್ ಅಂದಾಗಲೆಲ್ಲ ಎದೆಯಲ್ಲಿ ಒಂದು ಖುಷಿ. ಮುಂದೆ ಸಡಿಲವಾದರೆ ಗೊತ್ತಾಗಲಿ ಅಂತ ಪ್ರತಿ ಬೋಲ್ಟಿನ ಮೇಲೆ ಬಣ್ಣದ ಗೆರೆ ಎಳೆದೆ. ಕವಾಟ ತೆರೆದು ಇಂಧನ ಬಿಟ್ಟು ಪಂಪಿನ ಅಂಚು ನೋಡಿದೆ. ಒಣಗಿತ್ತು. ಕಾದೆ. ಇನ್ನೂ ಒಣಗಿತ್ತು. ಮುರಳಿಮೋಹನ್ ಸರ್ ಕೆಳಗೆ ಬಂದು ನಿಂತರು.

ಆಗ ಒಂದು ಹನಿ ಇಳಿಯಿತು.

ನನ್ನ ಕೈ ತಾನಾಗಿ ಜೇಬಿನ ಬಟ್ಟೆಗೆ ಹೋಯಿತು. ರಮೇಶ್‌ಬಾಬು ಸರ್ ಆಗ ಬೇರೆ ಕಡೆ ನೋಡುತ್ತಿದ್ದರು. ಚೆಲ್ಲಿದ್ದೇ ಇರಬಹುದು. ಒಂದು ಸಲ ಒರೆಸಿದರೆ ಎಲ್ಲಾ ಮುಗಿದು ಸ್ಟಾಂಪು ನನ್ನದಾಗುತ್ತಿತ್ತು. ಆದರೆ ಕಿವಿಯಲ್ಲಿ ಆ ದನಿ ಕೇಳಿಸಿತು, ಒರೆಸಬೇಡಿ. ಥೂ, ಈ ಮನುಷ್ಯ ಪಕ್ಕದಲ್ಲಿ ಇಲ್ಲದಿದ್ದರೂ ಬಿಡುವುದಿಲ್ಲವಲ್ಲ ಅಂತ ಸಿಟ್ಟೂ ಬಂತು, ಕಣ್ಣೂ ತುಂಬಿತು. ಬಟ್ಟೆ ಬಿಟ್ಟು ಕನ್ನಡಿ ತೆಗೆದೆ. ಟಾರ್ಚು ಹಿಡಿದು ಪಂಪಿನ ಅಂಚನ್ನೇ ನೋಡುತ್ತಾ ನಿಂತೆ. ಅಂಚಿನ ಹಿಂಬದಿಯಲ್ಲಿ ಇನ್ನೊಂದು ಹನಿ ಮೆಲ್ಲಗೆ ತುಂಬಿಕೊಳ್ಳುತ್ತಿತ್ತು.

“ಸರ್, ಸೀಲಿಂದ ಬರ್ತಿದೆ. ಬಿಚ್ಚಬೇಕು,” ಅಂತ ರಮೇಶ್‌ಬಾಬು ಸರ್‌ಗೆ ಹೇಳಿದೆ.

“ಇದು ನಿನ್ನ ಟೆಸ್ಟು ಕಣಮ್ಮಾ. ಬಿಚ್ಚಿದ್ರೆ ಲೇಟಾಗುತ್ತೆ.”

“ಲೇಟಾಗ್ಲಿ ಸರ್.”

ಬಿಚ್ಚಿದೆ. ಸೀಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಗೀರು. ಪಂಪು ತಳ್ಳುವಾಗ ಗೂಡಿನ ಬಾಯಿಗೆ ತಾಗಿಸಿದ್ದು ನಾನೇ, ತಪ್ಪು ನನ್ನದೇ ಅಂತ ಹೇಳಿದೆ. ಹೇಳುವಾಗ ಸ್ಟಾಂಪಿನ ಆಸೆ ಬಿಟ್ಟೇಬಿಟ್ಟಿದ್ದೆ. ಹೊಸ ಸೀಲು ಹಾಕಿ, ಉಸಿರು ಬಿಗಿಹಿಡಿದು ಪಂಪನ್ನು ಮತ್ತೆ ಕೂರಿಸಿದೆ. ಮತ್ತೆ ಬೋಲ್ಟು, ಮತ್ತೆ ಟಕ್, ಮತ್ತೆ ಬಣ್ಣದ ಗೆರೆ. ಈ ಸಲ ಎಷ್ಟು ಹೊತ್ತು ಕಾದರೂ ಒಂದು ಹನಿಯೂ ಇಳಿಯಲಿಲ್ಲ. ಕರೆಂಟು ಕೊಟ್ಟು ಕಾಕ್‌ಪಿಟ್ಟಿನಲ್ಲಿ ಪಂಪಿನ ಸ್ವಿಚ್ಚು ಹಾಕಿದಾಗ ಒತ್ತಡದ ದೀಪ ಥಟ್ಟನೆ ಆರಿತು. ರೆಕ್ಕೆಯೊಳಗೆ ಪಂಪು ಗುಂಯ್ ಅನ್ನುತ್ತಿತ್ತು.

ರಮೇಶ್‌ಬಾಬು ಸರ್ ಏಣಿ ಹತ್ತಿ ಎಲ್ಲವನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಇಳಿದು ಬಂದು ಗ್ಲೌಸು ತೆಗೆದರು.

“ಪಾಸು. ನಿನ್ನ ತಪ್ಪು ನೀನೇ ಹಿಡಿದ್ಯಲ್ಲ, ಅದಕ್ಕೆ. ಹೋಗಿ ಏನಾದ್ರೂ ತಿನ್ನಮ್ಮಾ.”

ಅಲ್ಲೇ ಕುಣಿದುಬಿಡಬೇಕು ಅನ್ನಿಸಿತು. ಮುರಳಿಮೋಹನ್ ಸರ್ ಬೆನ್ನು ತಟ್ಟಿದರು. ಆಮೇಲೆ ದನಿ ತಗ್ಗಿಸಿ, ಆ ತುದಿಯಲ್ಲಿ ಒಬ್ಬರು ಬೆಳಗಿಂದ ಒಂದೇ ಮುಚ್ಚಳ ಹಾಕ್ತಾ ತೆಗೀತಾ ಇದ್ದಾರೆ, ಹೋಗಿ ವಿಷಯ ತಿಳಿಸಿ ಪುಣ್ಯ ಕಟ್ಟಿಕೋ ಅಂದರು. ನಾನು ತಿಳಿಸಲು ಹೋಗಲಿಲ್ಲ. ಹೋದರೆ ಬೈಯುತ್ತೇನೋ ಅಳುತ್ತೇನೋ ನನಗೇ ಖಾತ್ರಿ ಇರಲಿಲ್ಲ.

ಶಿಫ್ಟು ಮುಗಿದ ಮೇಲೆ ಗೇಟಿನ ಹೊರಗಿನ ಟೀ ಗಾಡಿಗೆ ಹೋದೆ. ಅಲ್ಲಿ ನಿಂತರೆ ಬೇಲಿಯಾಚೆ ವಿಮಾನ ಏಳುವುದು ಕಾಣುತ್ತದೆ. ಅಂಬರೀಶ್ ಆಗಲೇ ಅಲ್ಲಿದ್ದರು, ಎರಡು ಕಪ್ಪು ಹಿಡಿದುಕೊಂಡು. ಎರಡನೆಯದು ಯಾರಿಗೆ, ಬ್ಯಾಗಿಗಾ ಅಂತ ಕೇಳಿದೆ. ಅವರಿಗೆ ನಗು ಬರಲಿಲ್ಲ. ಒಂದು ಕಪ್ಪನ್ನು ನನ್ನ ಕೈಗಿತ್ತರು.

“ಭಾನುವಾರ ನಿಮ್ಮಜ್ಜಿ ಬಾವ ಅಂದ್ರಲ್ಲ,” ಅಂತ ಶುರುಮಾಡಿದರು.

“ನಮ್ಮಜ್ಜಿಗೆ ಊರೆಲ್ಲಾ ವರಸೆ. ಅದಕ್ಕೆ ನೀವು ಇಷ್ಟು ಹೆದರೋದಾ?”

“ಹೆದರಲಿಲ್ಲ. ಅದು ನಿಜ ಆಗ್ಬೇಕು ಅನ್ನಿಸ್ತು.”

ನಾನು ಕಪ್ಪನ್ನು ಗಾಡಿಯ ಮೇಲಿಟ್ಟೆ. ಅವರು ಮುಂದುವರಿಸಿದರು, ತಡವರಿಸುತ್ತಾ, ಬೇಲಿಯನ್ನು ನೋಡುತ್ತಾ.

“ಹಂಗನ್ನಿಸಿದ ಮೇಲೆ ನಿಮ್ಮ ಕೆಲಸ ಹೆಂಗೆ ನೋಡ್ಲಿ ಹೇಳಿ. ನೋಡೋನಿಗೆ ತಪ್ಪು ಹುಡುಕೋ ಕಣ್ಣು ಇರ್ಬೇಕು. ಎರಡನೇ ಪಂಪು ನೋಡೋವಾಗ್ಲೇ ನನಗೆ ಅನುಮಾನ ಬಂತು. ನಾನು ತಪ್ಪು ಹುಡುಕ್ತಾ ಇರಲಿಲ್ಲ, ತಪ್ಪು ಸಿಗದೇ ಇರ್ಲಪ್ಪಾ ದೇವರೇ ಅಂತಿದ್ದೆ. ಅದಕ್ಕೇ ರಮೇಶ್‌ಬಾಬು ಅವರನ್ನ ಕರೆದು ಮತ್ತೆ ನೋಡಿಸಿದ್ದು. ಭಾನುವಾರ ಅಜ್ಜಿ ಅಂದ ಮೇಲೆ ಅನುಮಾನಾನೂ ಉಳೀಲಿಲ್ಲ.”

ಹಾಗಾದರೆ ಸೋಮವಾರವೇ ಹೇಳಬಹುದಿತ್ತಲ್ಲ, ನನ್ನನ್ನು ಯಾಕೆ ಉರಿಸಿದಿರಿ ಅಂತ ಕೇಳಿದೆ. ಮುರಳಿಮೋಹನ್ ಸರ್ ಒಬ್ಬರಿಗೇ ಕಾರಣ ಹೇಳಿ, ಕೆಲಸ ಮುಗಿಯುವವರೆಗೂ ಯಾರಿಗೂ ಹೇಳಬೇಡಿ ಅಂತ ಕೈಮುಗಿದಿದ್ದರಂತೆ.

“ಟೆಸ್ಟು ಇಟ್ಕೊಂಡು ನಿಮ್ಮ ಮನಸ್ಸು ಕೆಡಿಸೋದು ಬೇಡ ಅನ್ನಿಸ್ತು. ಅದಕ್ಕೂ ಮುಂಚೆ ಕೇಳೋಣ ಅಂದ್ರೆ ನಿಮ್ಮ ಸ್ಟಾಂಪು ನನ್ನ ಕೈಲಿತ್ತು. ಆಗ ಕೇಳಿದ್ರೆ ಇಷ್ಟ ಇಲ್ದಿದ್ರೂ ನೀವು ಹೆಂಗೆ ಬೇಡ ಅಂತೀರಿ? ಈಗ ನನ್ನ ಕೈಲಿ ಏನೂ ಇಲ್ಲ. ಈಗ ಬೇಡ ಅಂದ್ರೂ ನಿಮಗೇನೂ ನಷ್ಟ ಆಗಲ್ಲ. ತನುಜಾ, ನನ್ನನ್ನ ಮದುವೆ ಆಗ್ತೀರಾ?”

ಆಗಲೇ 'ನನ್ನ' ವಿಮಾನ ಓಡಲು ಶುರುಮಾಡಿತು. ಬಾಲದ ಬಣ್ಣ ನೋಡಿದ ಕೂಡಲೇ ಗುರುತು ಸಿಕ್ಕಿತು. ಇಬ್ಬರೂ ಬೇಲಿಯ ಹತ್ತಿರ ಹೋದೆವು. ಅದು ಓಡಿತು, ಮೂತಿ ಎತ್ತಿತು, ನೆಲ ಬಿಟ್ಟಿತು. ಎಡ ರೆಕ್ಕೆ ಬಿಸಿಲಿಗೆ ಮಿಂಚಿತು. ಅದರೊಳಗೆ ನಾನು ಕೂರಿಸಿದ ಪಂಪು ತಿರುಗುತ್ತಿತ್ತು. ನಂದಿಬೆಟ್ಟದ ಕಡೆ ಅದು ಬಾಗಿ ತಿರುಗಿ ಸಣ್ಣದಾಗುವವರೆಗೂ ನೋಡುತ್ತಾ ನಿಂತೆ. ಕೆನ್ನೆಯ ಮೇಲೆ ಏನೋ ಇಳಿದದ್ದು ಆಮೇಲೆ ಗೊತ್ತಾಯಿತು.

ಅಂಬರೀಶ್ ಜೇಬಿನಿಂದ ಕರವಸ್ತ್ರ ತೆಗೆದರು. ನನ್ನ ಮುಖದ ಹತ್ತಿರ ತಂದವರು ಅಲ್ಲೇ ಕೈ ನಿಲ್ಲಿಸಿದರು. ಆ ದಿನದಲ್ಲಿ ಮೊದಲ ಸಲ ಅವರ ಕಣ್ಣು ನಕ್ಕಿತು.

“ಒರೆಸಲ್ಲ. ಎಲ್ಲಿಂದ ಬಂತು ಅಂತ ಮೊದಲು ಹೇಳಿ.”

“ಸಿಟ್ಟಿಂದ,” ಅಂದೆ.

“ಬರೀ ಸಿಟ್ಟಾ?”

“ಇನ್ನೊಂದು ಹನಿ ಬರುತ್ತಾ ಅಂತ ಕಾಯಿರಿ. ನೀವೇ ಹೇಳಿಕೊಟ್ಟಿದ್ದಲ್ವಾ?”

ಕರವಸ್ತ್ರ ಕಿತ್ತುಕೊಂಡು ಬಸ್ಸಿನ ಕಡೆ ನಡೆದೆ. ಉತ್ತರ ನಾಳೆ ಹೇಳುತ್ತೇನೆ, ನನ್ನನ್ನು ಸೋಮವಾರದಿಂದ ಬೇಯಿಸಿದ್ದೀರಿ, ನೀವೂ ಸ್ವಲ್ಪ ಬೇಯಿರಿ ಅಂತ ತಿರುಗಿ ನೋಡದೆ ಹೇಳಿದೆ. ತಿರುಗಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆ.

ಚಿಕ್ಕಬಳ್ಳಾಪುರದಲ್ಲಿ ಇಳಿದವಳೇ ಮನೆಗೆ ಫೋನು ಮಾಡಿದೆ. ಸ್ಟಾಂಪಿನ ವಿಷಯ ಹೇಳಿದಾಗ ಅಪ್ಪ ಅಂಗಡಿಯಲ್ಲಿದ್ದವರಿಗೆಲ್ಲ ಕೂಗಿ ಹೇಳಿದ. ಫೋನು ಅಜ್ಜಿಯ ಕೈಗೆ ಬಂದಾಗ, ಭಾನುವಾರದ ವರಸೆ ಸರಿಯಾಗಿ ನೋಡಿದ್ದೀಯಾ ಅಂತ ಮೆಲ್ಲಗೆ ಕೇಳಿದೆ. ಕೋನಪ್ಪನಿಂದ ಹಿಡಿದು ಎಲ್ಲವನ್ನೂ ಮತ್ತೊಮ್ಮೆ ಒಪ್ಪಿಸಿದಳು. ಯಾಕೇ ಅಂದಳು. ಸುಮ್ಮನೆ ಅಂದೆ.

“ಸುಮ್ನೆ ಯಾರೂ ಬಾವನ ವರಸೆ ಎರಡು ಸಲ ಕೇಳಲ್ಲ ಕಣೇ,” ಅಂತ ಅಜ್ಜಿ ಕಿಸಕ್ಕನೆ ನಕ್ಕಳು.

ಆಮೇಲೆ ಅಪ್ಪ ಮತ್ತೆ ಫೋನು ತೆಗೆದುಕೊಂಡ. ಗಂಟಲು ಸರಿಮಾಡಿಕೊಂಡು, ಆ ಹುಡುಗನ ಮೋಟರು ರೆಡಿಯಾಗಿದೆ, ಅವನೇ ಬರೋದು ಬೇಡ, ನಾನೇ ಮಂಡಿಕಲ್ಲಿಗೆ ತಗೊಂಡು ಹೋಗ್ತೀನಿ, ಅವರಪ್ಪನ್ನೂ ಅಮ್ಮನ್ನೂ ಮಾತಾಡಿಸಿದ ಹಾಗಾಗುತ್ತೆ, ಏನಂತೀಯಾ ಅಂತ ಕೇಳಿದ. ಮೋಟರು ಮುಟ್ಟಿಸಲು ನಮ್ಮಪ್ಪ ಈವರೆಗೆ ಯಾರ ಮನೆಗೂ ಹೋದವನಲ್ಲ. ಹೋಗಪ್ಪಾ ಅಂದೆ. ಅಷ್ಟು ಹೇಳುವುದರೊಳಗೆ ಕಿವಿ ಎರಡೂ ಕಾದಿದ್ದವು, ಸಿಟ್ಟು ಇಲ್ಲದಿದ್ದರೂ.

ಮಾರನೆಯ ಬೆಳಿಗ್ಗೆ ಮೀಟಿಂಗು. ಅದೇ ಜಾಗ, ಅದೇ ಜನ, ಕೈಯಲ್ಲಿ ಅದೇ ಬಿಸಿ ಟೀ. ಅಂಬರೀಶ್ ಎದುರಿಗೆ ನಿಂತಿದ್ದರು, ಕಣ್ಣು ಕೆಂಪಾಗಿತ್ತು, ನಿದ್ದೆ ಮಾಡಿದ ಹಾಗಿರಲಿಲ್ಲ. ಮುರಳಿಮೋಹನ್ ಸರ್ ಕೆಲಸ ಹಂಚುತ್ತಾ ಬಂದರು. ಇನ್ನೊಂದು ವಿಮಾನದ ಬಲ ರೆಕ್ಕೆಯ ಪಂಪು ತನುಜ ಅಂದರು. ನನ್ನ ಹೆಸರಿಗೆ, ನನ್ನ ಸ್ಟಾಂಪಿಗೆ ಮೊದಲನೆಯ ಕೆಲಸ. ಟೆಸ್ಟು ಮುಗೀತಲ್ಲ, ಇನ್ನು ನೀವು ಚೆಕ್ ಮಾಡಬಹುದಲ್ವೇನ್ರೀ ಅಂತ ಅಂಬರೀಶರ ಕಡೆ ತಿರುಗಿದರು. ಮೀಸೆಯಡಿ ನಗುತ್ತಿದ್ದರು.

ಅವರು ಬಾಯಿ ತೆರೆಯುವ ಮುಂಚೆ ನಾನು ಟೀ ಕೆಳಗಿಟ್ಟು ಕೈ ಎತ್ತಿದೆ.

“ಅಂಬರೀಶ್ ಅವರ ಕೈಲಿ ನನ್ನ ಕೆಲಸ ಚೆಕ್ ಮಾಡಿಸಬೇಡಿ ಸರ್.”

ಇಡೀ ಶಿಫ್ಟು ನನ್ನ ಕಡೆ ತಿರುಗಿತು. ಅಂಬರೀಶರ ಮುಖ ಸುಣ್ಣವಾಯಿತು. ಮುರಳಿಮೋಹನ್ ಸರ್ ಯಾಕಮ್ಮಾ ಅಂತ ಕೇಳಿದರು.

“ಸಂಬಂಧಿಕರು ನೋಡೋ ಹಾಗಿಲ್ವಲ್ಲ ಸರ್. ಅವರು ನನಗೆ ಬಾವ.”

“ಊರಿನ ವರಸೇನಾ, ನಿಜವಾದ್ದಾ?”

ನಾನು ಅಂಬರೀಶರನ್ನೇ ನೋಡಿದೆ, ಕೇಳಿಸಿತಾ ಅಂತ ಕೇಳುವ ಹಾಗೆ. ಎರಡೂ ಕಿವಿ ಕೆಂಪಾಗಿದ್ದವು, ಅವರವೂ, ನನ್ನವೂ.

“ನಿಜವಾದ್ದೇ ಸರ್,” ಅಂದೆ.